ಉಪವಾಸದ ಶಟ್ಟೆಪ್ಪ

ಬೈಲಹೊಂಗಲದ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಶಟ್ಟೆಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಜನ ತುಸು ತಡವರಿಸುತ್ತಾರೆ. ಉಪವಾಸದ ಶಟ್ಟೆಪ್ಪನ ಮನೆ ಎಂದರೆ ಮಾತ್ರ ಕೂಸು ಎತ್ತಿಕೊಂಡ ಹುಡುಗಿಯೂ ಕೈ ಮಾಡಿ ತೋರಿಸುತ್ತಾಳೆ. ಹಾಗಂತ ಅವನೇನೋ ದೊಡ್ಡ ದೈವಭಕ್ತ ಎಂದು ತಿಳಿದುಕೊಂಡು ಕಾಲಿಗೆ ಬೀಳಲು ಹೋಗಬೇಡಿ. ಅವನಿಗೆ ಸೋಮವಾರವಿಲ್ಲ, ಏಕಾದಶಿಯಿಲ್ಲ. ಮನೆಯಲ್ಲಿದ್ದರೆ ಎರಡು ಹೊತ್ತು ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ಮುಟಿಗೆ ಅನ್ನ, ಗಡದ್ದಾಗಿ ಉಂಡು ಏಳುವ ಆಸಾಮಿ. ಅವನ ಉಪವಾಸವೆಲ್ಲ ಪರರ ಮನೆಯಲ್ಲಿ, ಅದೂ ಹಳೆಯ ಗಾಡಿ ನೋಡಲು ಹೋದಾಗ.

ಇಪ್ಪತ್ತೆರಡು ವರ್ಷ ಅವನು ನಿಜಗುಣಪ್ಪ ಸಾಹುಕಾರರ ಲಾರಿ ಓಡಿಸಿದ್ದ. ಹತ್ತಿ ಅಂಡಿಗೆ ಹೇರಿಕೊಂಡು ಹೋಗದ ಊರಿಲ್ಲ, ಮಲಗದ ರಸ್ತೆಬದಿಯಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಸ್ಟೇರಿಂಗ್ ಬಿಟ್ಟ. ಆದರೆ ಗಾಡಿಗಳು ಅವನನ್ನು ಬಿಡಲಿಲ್ಲ. ಸವದತ್ತಿಯಲ್ಲಿ ಯಾರೋ ಹಳೆಯ ಜೀಪು ಕೊಳ್ಳಬೇಕು, ಕಿತ್ತೂರಿನಲ್ಲಿ ಯಾರಿಗೋ ಅಗ್ಗದ ಕಾರು ಬೇಕು, ಬೆಳಗಾಗುವುದರೊಳಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ‘ಬರೇ ನೋಡಿ ಕೊಡ್ರಿ’ ಎನ್ನುತ್ತಿದ್ದರು. ಬರೇ ನೋಡುವುದಂತೆ. ನೋಡಿದವನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ನೋಡಿಸಿಕೊಂಡವರಿಗೆ ಏನು ಗೊತ್ತು!

ಅವನ ಪರೀಕ್ಷೆ ಬಹಳ ಸಾದಾ. ಬೆಳಿಗ್ಗೆ ಹೋಗಬೇಕು, ಇಂಜಿನ್ ತಣ್ಣಗಿರಬೇಕು. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಗಾಡಿಯ ಧಣಿ ಆಗಲೇ ಒಮ್ಮೆ ಚಾಲು ಮಾಡಿಟ್ಟಿದ್ದಾನೆ, ತಣ್ಣಗಿದ್ದಾಗ ಆ ಇಂಜಿನ್ ಏಳುವುದಿಲ್ಲ ಎಂದು ಅರ್ಥ. ಆಮೇಲೆ ಕಾಲಡಿಯ ಮ್ಯಾಟು ಎತ್ತಿ ಬೆರಳ ಗೆಣ್ಣಿನಿಂದ ತಗಡು ಬಡಿಯುವುದು. ಆಮೇಲೆ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಬ್ಯಾಟರಿ ಹಿಡಿದು ತಳಕ್ಕೆ ನುಗ್ಗುವುದು. ಮೇಲಿನ ಬಣ್ಣದ ಕಡೆ ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಇನ್ನು ಉಪವಾಸದ ಮಾತು. ನಮ್ಮ ಕಡೆ ಒಂದು ಪದ್ಧತಿ ಇದೆ, ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಮಾರುವವನ ಮನೆಯಲ್ಲಿ ಕೂತು ಅವನ ಚಹಾ ಕುಡಿದ ಮೇಲೆ ಅವನ ಎತ್ತಿಗಾಗಲಿ ಗಾಡಿಗಾಗಲಿ ಅವನ ಅಂಗಳದಲ್ಲಿ ನಿಂತು ಹೆಸರಿಡುವಂತಿಲ್ಲ, ಅಂದರೆ ಕೊರತೆ ಎತ್ತಿ ಆಡುವಂತಿಲ್ಲ. ಹೆಸರಿಟ್ಟರೆ ಅವನ ಮನೆತನಕ್ಕೇ ಹೆಸರಿಟ್ಟಂತೆ. ಮಾರುವವರಲ್ಲಿ ಬೆರಕಿ ಮಂದಿ, ಚಾಲಾಕಿಗಳು, ಇದನ್ನು ಚೆನ್ನಾಗಿ ಬಲ್ಲರು. ಬಂದವರು ಚಪ್ಪಲಿ ಬಿಡುವ ಮೊದಲೇ ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತದೆ.

1994ರಲ್ಲಿ ರಾಮದುರ್ಗದ ಒಂದು ಮನೆಯಲ್ಲಿ ಶಟ್ಟೆಪ್ಪ ಹಾಗೆ ಚಹಾ ಕುಡಿದಿದ್ದ. ಸಾಲಹಳ್ಳಿಯ ವಿರೂಪಾಕ್ಷ ಎಂಬ ಹತ್ತೊಂಬತ್ತರ ಹುಡುಗನಿಗೆ ಮೊದಲ ಗಾಡಿಯಾಗಿ ಒಂದು ಜೀಪು ನೋಡಲು ಹೋಗಿದ್ದರು. ಮನೆಯವರು ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ಹೊತ್ತಾಯಿತೆಂದು ಇನ್ನೊಮ್ಮೆ ಚಹಾ ಕೊಟ್ಟರು. ಆಮೇಲೆ ಸ್ಟೇರಿಂಗ್ ಹಿಡಿದು ನೋಡಿದರೆ ನಾಲ್ಕು ಬೆರಳಿನಷ್ಟು ಸಡಿಲ. ಹೊರಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡ. ಹೊರಗೆ ಬರುವಷ್ಟರಲ್ಲಿ ಹುಡುಗನ ಅಪ್ಪ ಮುಂಗಡ ಕೊಟ್ಟು ಕಾಯಿ ಒಡೆದಾಗಿತ್ತು. ಗ್ಯಾರೇಜಿನಲ್ಲಿ ಬಿಗಿ ಮಾಡಿಸಿಕೊಳ್ಳಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿದ. ಮೂರನೆಯ ತಿಂಗಳು ಜೀಪು ತಿರುವಿನಲ್ಲಿ ತಿರುಗಲಿಲ್ಲ. ವಿರೂಪಾಕ್ಷನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಅಂದಿನಿಂದ ಗಾಡಿ ನೋಡುವ ಮೊದಲು ಯಾರ ಮನೆಯಲ್ಲೂ ಶಟ್ಟೆಪ್ಪ ಹನಿ ನೀರು ಮುಟ್ಟಲಿಲ್ಲ. ಕೇಳಿದವರಿಗೆ ‘ಇವತ್ತ ನಂದು ಉಪವಾಸ ಐತ್ರಿ’ ಎನ್ನುತ್ತಿದ್ದ. ವಾರದ ಏಳೂ ದಿನ ಉಪವಾಸ ಹೇಳಿ ಹೇಳಿ ಆ ಹೆಸರೇ ಅಂಟಿಕೊಂಡಿತು. ಮಾರುವವರು ಅವನನ್ನು ಕಂಡರೆ ಮುಖ ಗಂಟು ಹಾಕುತ್ತಿದ್ದರು, ಕೊಳ್ಳುವವರು ಮನೆಗೆ ಬಂದು ಎಬ್ಬಿಸುತ್ತಿದ್ದರು. ಒಂಬತ್ತು ವರ್ಷ ಇದೇ ಆಯಿತು. ಯಾರಿಗೂ ಬೇಡವಾದ ಮಾತನ್ನು ಹೇಳುವುದೇ ಒಂದು ಕಸುಬಾಗಿ ಅವನಿಗೆ ಸಾಕುಸಾಕಾಗಿತ್ತು.

2003ರ ಬೇಸಿಗೆಯಲ್ಲಿ ನಿಜಗುಣಪ್ಪ ಸಾಹುಕಾರರು ಹೇಳಿ ಕಳುಹಿಸಿದರು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಎದುರಿಗೆ ನಿಂತವರು ನೆರಳಿನಂತೆ ಕಾಣುತ್ತಿದ್ದರು, ಅಷ್ಟೇ. ಹದಿನೈದು ದಿನಕ್ಕೊಮ್ಮೆ ಧಾರವಾಡಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ನಡುವೆ ಸಿರಸಂಗಿಯ ಹೊಲಕ್ಕೆ ಹೋಗಿಬರಬೇಕು. ಹೆಂಡತಿ ತೀರಿಕೊಂಡು ಆರು ವರ್ಷ. ಇರುವವಳು ಒಬ್ಬಳೇ ಮಗಳು ರಾಜೇಶ್ವರಿ, ಹದಿನೆಂಟು ತುಂಬಿ ಆಗಷ್ಟೇ ಲೈಸೆನ್ಸು ಮಾಡಿಸಿಕೊಂಡಿದ್ದಳು.

“ಶಟ್ಟೆಪ್ಪಾ, ನನ್ನ ಕಣ್ಣು ಇನ್ನ ರಸ್ತಾ ಹಿಡಿಯೂದಿಲ್ಲ” ಎಂದರು ಸಾಹುಕಾರರು. “ಹುಡುಗಿಗೆ ಒಂದ ಗಾಡಿ ನೋಡಿಕೊಡು. ಹೊಸಾದು ಬ್ಯಾಡ, ಕಲಿಯೂ ಕೈ, ಎಲ್ಲೆರ ತಾಗಸ್ತಾಳ. ಹಳೇದ ಇರಲಿ. ಆದ್ರ ನಡು ಹಾದ್ಯಾಗ ನಿಂದರಬಾರದು. ನಾ ಕುರುಡ, ಅಕಿ ಒಬ್ಬಾಕಿ ಹುಡುಗಿ. ನಿಂತ್ರ ತಳ್ಳಾವರು ಯಾರು?”

“ನಂಗ ಸಾಕಾಗೇತ್ರಿ ಸಾಹುಕಾರ್ರ. ಬ್ಯಾರೆ ಯಾರನ್ನರ ಕರಕೊಂಡ ಹೋಗ್ರಿ.”

“ಬ್ಯಾರೆಯವರ ಕಣ್ಣಿನ ಮ್ಯಾಲ ನಂಬಿಕಿ ಇಲ್ಲಪಾ. ನಂದಂತೂ ಹೋಗೇಬಿಟ್ಟೈತಿ.”

ಉಪ್ಪು ತಿಂದ ಮನೆ, ಹೇಗೆ ಆಗುವುದಿಲ್ಲ ಎನ್ನುವುದು? ರಾಜೇಶ್ವರಿ ಬಾಗಿಲವರೆಗೆ ಬಂದು, “ಕಾಕಾ, ಕೆಂಪ ಗಾಡಿ ಸಿಕ್ರ ಚಲೋ ನೋಡ್ರಿ” ಎಂದಳು. “ಬಣ್ಣ ಕಡೀಕ ನೋಡೂಣು ತಂಗಿ, ಮದಲ ತಳಾ ನೋಡೂಣು” ಎಂದು ಚಪ್ಪಲಿ ಮೆಟ್ಟಿದ.

ಹೀಗೆ ಮೂವರ ತಿರುಗಾಟ ಶುರುವಾಯಿತು. ಕುರುಡ ಸಾಹುಕಾರರು, ಅವರ ಕೈ ಹಿಡಿದ ಮಗಳು, ಹಿಂದೆ ಗೋಣಿಚೀಲ ಬಗಲಲ್ಲಿಟ್ಟುಕೊಂಡ ಶಟ್ಟೆಪ್ಪ. ಬಸ್ಸು, ಬಿಸಿಲು, ಮತ್ತೆ ಬಸ್ಸು. ಕಿತ್ತೂರಿನಲ್ಲಿ ಗೋವಾದಿಂದ ತಂದ ಕಾರೊಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮ್ಯಾಟು ಎತ್ತಿ ಬಡಿದರೆ ಸಮುದ್ರದ ಉಪ್ಪುಗಾಳಿ ತಿಂದ ತಗಡು ಹಪ್ಪಳದಂತೆ ಒಳಗೆ ಹೋಯಿತು. ಇನ್ನೊಂದು ಊರಲ್ಲಿ ಬೆಳಿಗ್ಗೆ ಏಳಕ್ಕೆ ಹೋದರೂ ಬಾನೆಟ್ಟು ಬೆಚ್ಚಗಿತ್ತು. ಕೇಳಿದರೆ, “ಬಿಸಲಿಗೆ ಕಾದೈತ್ರಿ” ಎಂದ ಧಣಿ. ಗಾಡಿ ನಿಂತದ್ದು ಬಿಸಿಲೇ ಬೀಳದ ಪತ್ರಾಸಿನ ಶೆಡ್ಡಿನೊಳಗೆ. ರಾಜೇಶ್ವರಿಗೆ ನಗು ತಡೆಯಲಾಗಲಿಲ್ಲ. ಶಟ್ಟೆಪ್ಪನಿಗೆ ನಗು ಬರಲಿಲ್ಲ, ಇಂಥವನ್ನು ಅವನು ನೂರು ಕೇಳಿದ್ದ.

ರಾಮದುರ್ಗಕ್ಕೂ ಹೋದರು. ಅಲ್ಲಿ ಬಸ್‌ ನಿಲ್ದಾಣದ ಎದುರಿಗೆ ವಿರೂಪಾಕ್ಷನ ಪಾನ್ ಅಂಗಡಿ. ಕಂಡ ಕೂಡಲೇ ಅವನು ಕಟ್ಟಿಗೆಯ ಕಾಲೂರಿ ಎದ್ದು, “ಮಾವಾ, ಬರ್ರಿ, ಚಾ ತರಸ್ತೀನಿ” ಎಂದ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವನು ಸ್ಟೇರಿಂಗಿನ ಮಾತು ಎತ್ತಿರಲಿಲ್ಲ. ಬೈದಿದ್ದರೆ ಶಟ್ಟೆಪ್ಪನಿಗೆ ಹಗುರಾಗುತ್ತಿತ್ತು. “ಉಪವಾಸ ಐತಪಾ” ಎಂದು ತಲೆ ತಗ್ಗಿಸಿ ಮುಂದೆ ನಡೆದ. ಆ ಊರಿನ ಗಾಡಿಯೂ ಹೊಂದಲಿಲ್ಲ.

ಅಷ್ಟರಲ್ಲಿ ಎಂ.ಕೆ. ಹುಬ್ಬಳ್ಳಿಯಿಂದ ಸಾಹುಕಾರರ ಅಂಗಡಿಗೆ ಫೋನು ಬಂತು. ಮಾಡಿದವರು ಭರಮಪ್ಪ. ಕಬ್ಬು ಸಾಗಿಸುವ ಟ್ರ್ಯಾಕ್ಟರು ಇಟ್ಟುಕೊಂಡ ಕುಳ, ಶಟ್ಟೆಪ್ಪನ ಬೀಗ, ಅಂದರೆ ಅವನ ಮಗಳು ರಾಣಿಯ ಮಾವ. ಐದು ವರ್ಷದ ಮಾರುತಿ ಕಾರಿದೆ, ಬೀಗರನ್ನು ಕರಕೊಂಡು ಬನ್ನಿ, ಸಸಾರಕ್ಕೆ ಕೊಡುತ್ತೇನೆ ಎಂದರಂತೆ. ಸುದ್ದಿ ಕೇಳಿ ಶಟ್ಟೆಪ್ಪ ಕೂತಲ್ಲೇ ಕೂತ.

ಯಾಕೆಂದರೆ ರಾಣಿ ಆ ಮನೆಗೆ ಮರಳಿ ಹೋಗಿ ಇನ್ನೂ ಆರು ತಿಂಗಳು. ಎದುರು ಮಾತಾಡುತ್ತಾಳೆ ಎಂದು ಅತ್ತೆ-ಮಾವ ಅವಳನ್ನು ತವರಿಗೆ ಕಳುಹಿಸಿ ಹತ್ತು ತಿಂಗಳು ಹಾಗೇ ಬಿಟ್ಟಿದ್ದರು. ಅಳಿಯ ಅರ್ಜುನ ಒಳ್ಳೆಯವನೇ, ಆದರೆ ಅಪ್ಪನ ಮುಂದೆ ಬಾಯಿ ಬಿಡುವವನಲ್ಲ. ಹಿರಿಯರನ್ನು ಕೂಡಿಸಿ, ಕೈ ಮುಗಿದು, ಇನ್ನು ಮೇಲೆ ಒಂದು ಮಾತೂ ಬರುವುದಿಲ್ಲ ಎಂದು ಒಪ್ಪಿಕೊಂಡು ಶಟ್ಟೆಪ್ಪನೇ ಬಿಟ್ಟು ಬಂದಿದ್ದ.

ಹೆಂಡತಿ ರಾಯವ್ವ ಮೊದಲೇ ಹೇಳಿದಳು. “ಅಲ್ಲಿ ಹೋಗಿ ಉಪವಾಸ ಗಿಪವಾಸ ಅಂದ್ರ ನಾ ಈ ಮನ್ಯಾಗ ಇರೂದಿಲ್ಲ. ಮಗಳ ಕೈಯಾನ ಚಾ ಬ್ಯಾಡ ಅಂದ್ರ ಬೀಗರು ಏನ ತಿಳ್ಕೊಂತಾರ? ಕುಡೀರಿ. ಗಾಡಿ ಚಲೋ ಇದ್ರ ಚಲೋ ಅನ್ರಿ. ಇಲ್ಲಂದ್ರ ಸುಮ್ನ ಕುಂದರ್ರಿ. ಓಣಿ ಮಂದಿಗೆ ಹತ್ತ ತಿಂಗಳ ಉತ್ತರಾ ಕೊಟ್ಟಾಕಿ ನಾನು, ನೀವಲ್ಲ.”

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಬಸ್ಸಿನಲ್ಲಿ ಕೂತಾಗಲೇ ಶಟ್ಟೆಪ್ಪ ನಿಶ್ಚಯ ಮಾಡಿದ. ಕುಡಿದುಬಿಡುವುದು. ಜಗತ್ತಿನ ಗಾಡಿಗಳ ತಳವನ್ನೆಲ್ಲ ತಾನೊಬ್ಬನೇ ನೋಡಬೇಕೆಂದು ಯಾರಾದರೂ ಗುತ್ತಿಗೆ ಕೊಟ್ಟಿದ್ದಾರೆಯೇ? ಎಲ್ಲರೂ ಹೇಗೆ ಬಾಯಿ ಮುಚ್ಚಿಕೊಂಡು ಸುಖವಾಗಿದ್ದಾರೋ ಹಾಗೆ ತಾನೂ ಒಂದು ಸಲ ಇರುವುದು. ಪಕ್ಕದ ಸೀಟಿನಲ್ಲಿ ರಾಜೇಶ್ವರಿ ಡ್ರೈವರನ ಕೈಯನ್ನೇ ನೋಡುತ್ತ, ಗೇರು ಬದಲಾದಾಗಲೆಲ್ಲ ತನ್ನ ಕಾಲಿನಿಂದ ಇಲ್ಲದ ಕ್ಲಚ್ಚು ಒತ್ತುತ್ತಿದ್ದಳು. ಶಟ್ಟೆಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಭರಮಪ್ಪ ಅಂಗಳದವರೆಗೆ ಬಂದು ಕರೆದೊಯ್ದರು. ಬೇವಿನ ಗಿಡದ ಕೆಳಗೆ ಕಾರು ನಿಂತಿತ್ತು, ಕೆಂಪು ಬಣ್ಣದ್ದು. ರಾಜೇಶ್ವರಿ ಅಪ್ಪನ ಕೈ ಅದುಮಿದಳು.

“ಮದಲ ಒಳಗ ಬರ್ರಿ ಸಾಹುಕಾರ್ರ, ಕುಂದರ್ರಿ. ಗಾಡಿ ಎಲ್ಲಿ ಓಡಿ ಹೊಕ್ಕೈತಿ” ಎಂದರು ಭರಮಪ್ಪ. ಶಟ್ಟೆಪ್ಪನ ಹೆಗಲ ಮೇಲೆ ಕೈ ಹಾಕಿ ನಕ್ಕರು. “ಬೀಗರ, ನಿಮ್ಮ ಉಪವಾಸ ನಮ್ಮ ಮನ್ಯಾಗ ನಡಿಯೂದಿಲ್ಲ ಮತ್ತ.”

“ಇವತ್ತ ಉಪವಾಸ ಇಲ್ರಿ” ಎಂದ ಶಟ್ಟೆಪ್ಪ.

ರಾಣಿ ತಲೆಯ ಮೇಲೆ ಸೆರಗು ಹೊದ್ದು ತಾಟಿನಲ್ಲಿ ಸ್ಟೀಲಿನ ಲೋಟ ಇಟ್ಟುಕೊಂಡು ಬಂದಳು. ಸಾಹುಕಾರರ ಕೈ ಹಿಡಿದು ಲೋಟ ಕೊಟ್ಟಳು. ರಾಜೇಶ್ವರಿಗೆ ಕೊಟ್ಟಳು, ಮಾವನಿಗೆ ಕೊಟ್ಟಳು. ಕಡೆಯದನ್ನು ತಾನೇ ಎತ್ತಿ ಅಪ್ಪನ ಕೈಗೆ ಇಟ್ಟಳು. ಮಗಳು ತುಸು ಇಳಿದಿದ್ದಾಳೆ ಎನ್ನಿಸಿತು ಅವನಿಗೆ. ಲೋಟ ತುಟಿಯ ಹತ್ತಿರ ತಂದಾಗ ಹಗುರವೆನಿಸಿತು. ಒಳಗೆ ನೋಡಿದ. ತೊಳೆದು ಒರೆಸಿದ ಲೋಟ, ಒಳಗೆ ಏನೂ ಇಲ್ಲ. ಬರಿದು.

ತಲೆಯೆತ್ತಿ ಮಗಳನ್ನು ನೋಡಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ. ಬಾಗಿಲಾಚೆ ಬೇವಿನ ಗಿಡದ ಕೆಳಗೆ, ಕಾರಿನ ಮುಂಭಾಗವನ್ನು ನೋಡುತ್ತಿದ್ದಳು.

ಅವನಿಗೆ ಮೊದಲು ಬಂದದ್ದು ಸಿಟ್ಟು. ತಾನು ಇವಳಿಗಾಗಿಯೇ ಬಾಯಿ ಮುಚ್ಚಿಕೊಳ್ಳಲು ಬಂದರೆ ಇವಳೇ ಮುಚ್ಚಗೊಡುವುದಿಲ್ಲವಲ್ಲ! ವಿರೂಪಾಕ್ಷನ ಕಾಲಿನ ಕಥೆಯನ್ನು ಅವನು ಜನ್ಮದಲ್ಲಿ ಒಬ್ಬರಿಗೇ ಹೇಳಿದ್ದ, ಅದೂ ಇವಳಿಗೆ, ತವರಿನಲ್ಲಿ ಕೂತು ಅಳುತ್ತಿದ್ದ ಆ ಹತ್ತು ತಿಂಗಳಲ್ಲಿ. ಯಾಕಾದರೂ ಹೇಳಿದೆನೋ ಎನ್ನಿಸಿತು. ಆಮೇಲೆ ಲೋಟ ತುಟಿಗಿಟ್ಟು ಎರಡು ಗುಟುಕು ಗಾಳಿ ಕುಡಿದ. “ಚಲೋ ಆಗೇತವ್ವಾ” ಎಂದು ತಿರುಗಿ ಕೊಟ್ಟ. ರಾಣಿ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದಳು.

ಬಾನೆಟ್ಟು ತಣ್ಣಗಿತ್ತು. ಇಂಜಿನ್ ಒಂದೇ ಏಟಿಗೆ ಎದ್ದಿತು. ಕಾಲಡಿಯ ತಗಡು ಗಟ್ಟಿಯಾಗಿ ಮಾತಾಡಿತು. ದೇವರೇ, ಚೆನ್ನಾಗಿಯೇ ಇರಲಿ ಎಂದುಕೊಳ್ಳುತ್ತ ಗೋಣಿಚೀಲ ಹಾಸಿ ತಳಕ್ಕೆ ಹೋದ. ಬ್ಯಾಟರಿ ಬೆಳಕಿನಲ್ಲಿ ಹೊಸ ಕಪ್ಪು ಬಣ್ಣ ಮಿರುಗಿತು. ಬೆರಳಾಡಿಸಿದ. ಬಣ್ಣದ ಕೆಳಗೆ, ಗಾಡಿಯ ಭಾರ ಹೊರುವ ಮುಂದಿನ ಚಾಸಿಗೆ ಅಡ್ಡಲಾಗಿ ಹೆಬ್ಬೆರಳಿನಷ್ಟು ದಪ್ಪದ ಬೆಸುಗೆ, ಇನ್ನೊಂದು ಬದಿಗೂ ಅಂಥದ್ದೇ. ಯಾವುದೋ ಕಬ್ಬಿನ ಟ್ರಾಲಿಯ ಹಿಂಬದಿಗೆ ನುಗ್ಗಿ ಮೂತಿ ಮುರಿದುಕೊಂಡ ಗಾಡಿ. ನೆಟ್ಟಗಿನ ರಸ್ತೆಯಲ್ಲಿ ವರ್ಷಗಟ್ಟಲೆ ಓಡೀತು. ಆದರೆ ಜೋರಿನಲ್ಲಿದ್ದಾಗ ಒಂದು ದೊಡ್ಡ ಗುಂಡಿ ಸಿಕ್ಕರೆ ಬೆಸುಗೆ ಬಿಟ್ಟು ಗಾಲಿ ಒಂದು ಕಡೆ, ಗಾಡಿ ಒಂದು ಕಡೆ.

ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಮಲಗಿದ. ಬೆನ್ನಿಗೆ ನೆಲ ತಂಪಾಗಿತ್ತು. ಹುಡುಗಿಯ ರಾಶಿಗೆ ಈ ಬಣ್ಣ ಆಗಿಬರುವುದಿಲ್ಲ ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಆಗ ಭರಮಪ್ಪ ನಾಳೆ ಇದನ್ನು ಇನ್ನೊಬ್ಬರ ಮಗುವಿಗೆ ಮಾರುತ್ತಾರೆ. ಅಲ್ಲೂ ಯಾರೋ ಚಹಾ ಕುಡಿದು ಸುಮ್ಮನಿರುತ್ತಾರೆ. ಮೊಣಕಾಲು ಹಿಡಿದುಕೊಂಡು ಎದ್ದು ಧೋತರ ಜಾಡಿಸಿದ. ರಾಜೇಶ್ವರಿ ಸ್ಟೇರಿಂಗಿನ ಮುಂದೆ ಕೂತಿದ್ದಳು. ಸಾಹುಕಾರರು ಬಾಗಿಲ ಮೇಲೆ ಅಂಗೈ ಸವರುತ್ತ, “ಹ್ಯಾಂಗೈತಿ ಶಟ್ಟೆಪ್ಪಾ?” ಎಂದು ಕೇಳಿದರು. ಅವರ ಇನ್ನೊಂದು ಕೈ ಮುಂಗಡ ಕೊಡಲು ಆಗಲೇ ಅಂಗಿಯ ಕಿಸೆಯಲ್ಲಿತ್ತು.

“ಬ್ಯಾಡ್ರಿ” ಎಂದ ಶಟ್ಟೆಪ್ಪ. “ಮುಂದಿನ ಚಾಸಿ ಮುರದೈತಿ. ಎರಡೂ ಕಡೆ ಬೆಸಿಗಿ ಹಾಕ್ಯಾರ. ಈ ಗಾಡ್ಯಾಗ ಯಾರೂ ಕುಂದರಬಾರದು. ತಂಗಿ, ಇಳಿ.”

ರಾಜೇಶ್ವರಿ ಇಳಿದು ಅಪ್ಪನ ಪಕ್ಕ ನಿಂತಳು. ಭರಮಪ್ಪ ದನಿ ಏರಿಸಲಿಲ್ಲ.

“ಚಾ ಕುಡದ್ರಲ್ಲ, ಬೀಗರ?”

ಒಳಬಾಗಿಲಲ್ಲಿ ರಾಣಿಯ ಸೆರಗಿನ ತುದಿ ಕಾಣುತ್ತಿತ್ತು. ಇಲ್ಲ, ನಾ ಕುಡಿದಿಲ್ಲ ಎಂದು ಒಂದೇ ಮಾತು ಅಂದಿದ್ದರೆ ಶಟ್ಟೆಪ್ಪನ ಮರ್ಯಾದೆ ಉಳಿಯುತ್ತಿತ್ತು. ಬರಿದು ಲೋಟ ಕೊಟ್ಟವಳು ಯಾರು ಎಂಬ ಮಾತು ಮಾತ್ರ ಅದರ ಬೆನ್ನಿಗೇ ಬರುತ್ತಿತ್ತು.

“ಕುಡದೇನ್ರಿ” ಎಂದ.

“ಕುಡದೂ ಹೇಳಿದ್ರಿ.”

“ಹೌದ್ರಿ.”

ಭರಮಪ್ಪ ಕಾರಿನ ಬಾಗಿಲು ಹಾಕಿ ಒಳಗೆ ಹೋದರು. ಹೋಗಿ ಬನ್ನಿ ಎಂದು ಯಾರೂ ಹೇಳಲಿಲ್ಲ.

ಬೈಲಹೊಂಗಲ ಎಷ್ಟು ದೂರ, ಒಂದು ಬಸ್ಸಿನ ಹಾದಿ. ಅಲ್ಲಿ ಆಡಿದ ಮಾತು ಸಂಜೆಗೆ ಬೀಗರ ಮನೆ ಮುಟ್ಟುತ್ತದೆ. ಹಾಗಾಗಿ ಶಟ್ಟೆಪ್ಪ ಬರಿದು ಲೋಟದ ಸಂಗತಿಯನ್ನು ಸಾಹುಕಾರರಿಗೆ ಹೇಳಲಿಲ್ಲ, ರಾಯವ್ವನಿಗೂ ಹೇಳಲಿಲ್ಲ. “ಮಗಳ ಕೈಯಾನ ಚಾ ಕುಡದ ಅಕಿ ಸಂಸಾರಕ್ಕ ಕಲ್ಲ ಹಾಕಿ ಬಂದ್ರಿ” ಎಂದಳು ಅವಳು. ಒಂದು ತಿಂಗಳು ತಾಟಿನಲ್ಲಿ ರೊಟ್ಟಿ ಇಟ್ಟು ದೂರದಿಂದ ಸರಿಸಿದಳೇ ಹೊರತು ಉಣ್ಣಿರಿ ಎನ್ನಲಿಲ್ಲ. ಸುದ್ದಿ ಸುತ್ತಲಿನ ಊರಿಗೆಲ್ಲ ಹಬ್ಬಿತು. ಬೀಗರ ಚಹಾ ಕುಡಿದು ಬೀಗರ ಗಾಡಿಗೇ ಹೆಸರಿಟ್ಟ ಮನುಷ್ಯನನ್ನು ಯಾರು ಕರೆದೊಯ್ದಾರು? ಬೆಳಗಿನ ಹೊತ್ತು ಬಾಗಿಲಲ್ಲಿ ನಿಲ್ಲುವವರು ಬಾರದಾದರು. ಎಷ್ಟೋ ದಿನದಿಂದ ಬಯಸಿದ ವಿಶ್ರಾಂತಿ ಸಿಕ್ಕಿತು, ಆದರೆ ನಿದ್ದೆ ಬರಲಿಲ್ಲ.

ಕಡೆಗೆ ಹೊಂದಿದ ಕಾರು ಸವದತ್ತಿಯ ನಿವೃತ್ತ ಮಾಸ್ತರರದ್ದು. ಎಂಟು ವರ್ಷದ ಗಾಡಿ, ಬೂದಿ ಬಣ್ಣ, ಹಿಂದಿನ ಬಾಗಿಲಲ್ಲಿ ಒಂದು ತಗ್ಗು. ತಣ್ಣಗೆ ನಿಂತಿದ್ದು ತಣ್ಣಗೇ ಎದ್ದಿತು. ತಳದಲ್ಲಿ ಎರೆಮಣ್ಣಿನ ಹೊರತು ಬೇರೇನೂ ಇರಲಿಲ್ಲ. “ಇದು ನಿನ್ನ ಕೈ ಬಿಡೂದಿಲ್ಲ ತಂಗಿ” ಎಂದು ಶಟ್ಟೆಪ್ಪ ಹೇಳಿದ. ಆಮೇಲೆ ಮಾಸ್ತರರ ಮನೆಯಲ್ಲಿ ಎರಡು ಲೋಟ ಚಹಾ ಕುಡಿದ. ಕೆಂಪು ಬೇಕೆಂದ ಹುಡುಗಿ ಬೂದಿ ಬಣ್ಣದ ಮಾತೇ ಎತ್ತಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಪ್ಪನನ್ನು ಕೂಡಿಸಿಕೊಂಡು ಧಾರವಾಡಕ್ಕೆ ಹೋಗಿಬರತೊಡಗಿದಳು.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ರಾಯವ್ವ ಉಂಡಿ ಕಟ್ಟಿ ಡಬ್ಬಿ ತುಂಬಿದಳು, ಪಡಸಾಲೆಯ ತೊಲೆಗೆ ಜೋಕಾಲಿ ಹಾಕಿಸಿದಳು. “ಬಸ್ಸಿಗೆ ಯಾಕ ಕಾಕಾ, ರಾಣಿ ಅಕ್ಕನ್ನ ನಾ ಕರಕೊಂಡ ಬರತೇನಿ” ಎಂದು ರಾಜೇಶ್ವರಿ ಕಾರು ತಂದು ನಿಲ್ಲಿಸಿದಳು.

ಎಂ.ಕೆ. ಹುಬ್ಬಳ್ಳಿಯಲ್ಲಿ ಅವಳು ಕಾರಿನಲ್ಲೇ ಕೂತಳು, ಶಟ್ಟೆಪ್ಪ ಒಬ್ಬನೇ ಡಬ್ಬಿ ಹಿಡಿದು ಒಳಗೆ ಹೋದ. ಬೇವಿನ ಗಿಡದ ಕೆಳಗೆ ಕೆಂಪು ಕಾರು ಹಾಗೇ ನಿಂತಿತ್ತು, ಮೇಲೆ ಎಲೆ ಬಿದ್ದಿದ್ದವು. ಯಾರೂ ಕೊಂಡಿರಲಿಲ್ಲ.

“ಈ ವರ್ಷ ಕಳಸೂದು ಆಗೂದಿಲ್ಲ ಬೀಗರ, ಮನ್ಯಾಗ ಕೆಲಸ ಐತಿ” ಎಂದರು ಭರಮಪ್ಪ. “ಚಾ ಕುಡದ ಹೋಗ್ರಿ. ಚಾದ ಹಂಗೇನ ನಿಮಗಿಲ್ಲಲ್ಲ.”

ರಾಣಿ ಲೋಟ ತಂದಳು. ಈ ಸಲ ಕಂಠಮಟ ತುಂಬಿತ್ತು, ಕೈ ಸುಡುತ್ತಿತ್ತು. ಅವನು ನಿಂತುಕೊಂಡೇ ಹನಿ ಬಿಡದೆ ಕುಡಿದ.

“ಸಕ್ಕರಿ ಸಾಕೇನಪ್ಪಾ?” ಎಂದಳು.

“ಸಾಕವ್ವಾ.”

“ಹೊರಗ ಕುಂತಾಕಿಗೂ ಒಂದ ಲೋಟ ಕೊಟ್ಟ ಬರತೇನ್ರಿ” ಎಂದು ಮಾವನಿಗೆ ಹೇಳಿ ಅವಳು ಅಂಗಳಕ್ಕಿಳಿದಳು. ಶಟ್ಟೆಪ್ಪ ಹಿಂದೆ ಹೋದ. ರಾಜೇಶ್ವರಿ ಬಾಗಿಲು ತೆಗೆದು, “ಒಂದ ನಿಮಿಷ ಕುಂದರು ಬಾ ಅಕ್ಕಾ” ಎಂದಳು. ರಾಣಿ ಮನೆಯ ಕಡೆ ಒಮ್ಮೆ ತಿರುಗಿ ನೋಡಿ ಮುಂದಿನ ಸೀಟಿನಲ್ಲಿ ಕೂತಳು. ಚಪ್ಪಲಿಯ ಹಿಮ್ಮಡಿಯಿಂದ ಕಾಲಡಿಯ ತಗಡನ್ನು ಮೆಲ್ಲಗೆ ಬಡಿದಳು.

“ತಳಾ ಗಟ್ಟಿ ಐತೇನ?”

“ನಿಮ್ಮಪ್ಪ ನೋಡ್ಯಾರ.”

“ಹಂಗಾರ ಗಟ್ಟಿ ಐತಿ ಬಿಡು” ಎಂದಳು ರಾಣಿ.

ಒಳಗಿನಿಂದ ಅತ್ತೆ ಕರೆದರು. ರಾಣಿ ಲೋಟ ತೆಗೆದುಕೊಂಡು ಇಳಿದಳು, ಅಪ್ಪನ ಮುಖ ನೋಡದೆ ಒಳಗೆ ಹೋದಳು. ಶಟ್ಟೆಪ್ಪ ಕಾರಿನ ತೆರೆದ ಬಾಗಿಲಿಗೆ ಬಂದ. ಆಮೇಲೆ ಬಗ್ಗಿ, ಗಾಡಿ ನೋಡುವಾಗಿನ ರೂಢಿಯಂತೆ, ಅವಳು ಕೂತೆದ್ದ ಸೀಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು.